ಟೇಲರಿಗೆ ಕಡಲು ತೋರಿಸಲು ಹೋದದ್ದು

ನಾನು ಸುಮ್ಮನೆ ಕೂತರೂ ಇಂಥ ಪ್ರಸಂಗಗಳು ಬೀದಿ ನಾಯಿಯ ಹಾಗೆ ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಈ ಸಲದ್ದಕ್ಕೆ ಮೂಲ ಒಂದೇ: ಸೂರ್ಯ ಕಡಲೊಳಗೆ ಮುಳುಗುವುದನ್ನು ಸಿರುಗುಪ್ಪದವರಲ್ಲಿ ಮೊದಲು ನೋಡಿದವನು ನಾನು. ಅಕ್ಕಿ ಲಾರಿ ಹೊಡಕೊಂಡು ಆಂಧ್ರದ ಕಡಲ ದಂಡೆಗೆ ಹೋಗಿದ್ದೆ. ಕಮ್ಮಾರ ಕಾದ ಕಬ್ಬಿಣವನ್ನು ನೀರಿಗೆ ಅದ್ದಿದಾಗ ಸುಂಯ್ ಅನ್ನುತ್ತಲ್ಲ, ಆ ಸಪ್ಪಳ ಈ ಕಿವಿಯಿಂದಲೇ ಕೇಳಿದ್ದೇನೆ. ಎದ್ದ ಹಬೆಗೆ ಲಾರಿಯ ಗಾಜು ಮಬ್ಬಾಗಿ ವೈಪರ್ ಹಾಕಬೇಕಾಯಿತು. ಸಾಕ್ಷಿಗೆ ಕ್ಲೀನರ್ ಇದ್ದ, ತೀರಿಕೊಂಡ. ಅಕ್ಕಿ ಗಿರಣಿಯ ಸಾಹುಕಾರರು ಜೊತೆಗಿದ್ದರು, ಅವರೂ ಹೋದರು. ಲಾರಿ ಗುಜರಿ ಸೇರಿತು. ಉಳಿದವನು ನಾನೊಬ್ಬ. ಬೇಕಾದರೆ ನಂಬಿ.

ಕಣ್ಣಿನ ದವಾಖಾನೆ

ಈ ಸಂಗತಿಯನ್ನು ಎಷ್ಟು ಸಲ ಹೇಳಿದರೂ ಬೇಸರವಿಲ್ಲದೆ ಕೇಳಿದವನು ಕುರುಗೋಡಿನ ಟೇಲರ್. ಲಾರಿ ಹೊಡೆಯುವ ಕಾಲದಿಂದ ನನ್ನ ಗೆಳೆಯ. ನಾನು ಅಂಗಡಿಯೊಳಗೆ ಕಾಲಿಟ್ಟರೆ ಮಷೀನು ನಿಲ್ಲಿಸಿ ಕೂರುತ್ತಿದ್ದ. ಹೋದ ವರ್ಷ ಸೂಜಿಗೆ ದಾರ ಪೋಣಿಸಲು ಬಾರದಂತಾಯಿತು. ಬಳ್ಳಾರಿಗೆ ಕರಕೊಂಡು ಹೋದೆ. ಡಾಕ್ಟರು ನೋಡಿ, ಕಣ್ಣಿನ ನರ ಒಣಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದೂ ಹೋಗುತ್ತದೆ ಅಂದರು.

ನಾನು ಸುಮ್ಮನಿರಲಾರದೆ, ಘಾಟಿನಲ್ಲಿ ಹೆಡ್‌ಲೈಟ್ ಹೋದಾಗ ಬರೀ ಬೀಡಿ ಬೆಳಕಿನಲ್ಲಿ ಲಾರಿ ಇಳಿಸಿದವನು ನಾನು, ಏನಾದರೂ ದಾರಿ ಇದ್ದೇ ಇರುತ್ತದೆ ಅಂದೆ. ಡಾಕ್ಟರು ಚೀಟಿಯಿಂದ ತಲೆ ಎತ್ತಲಿಲ್ಲ. “ತಾತಾ, ಲಾರಿಗೆ ಹೊಸಾ ಲೈಟು ಸಿಗತೈತಿ,” ಅಂದರು.

ಹೊರಗೆ ಬೇವಿನ ಗಿಡದ ಕೆಳಗೆ ಚಹಾ ಕುಡಿಯುತ್ತ ಟೇಲರ್ ಲೋಟವನ್ನು ಕೈಯಲ್ಲಿ ತಿರುಗಿಸಿದ. ಆಮೇಲೆ, “ಪೂರಾ ಕತ್ತಲಾಗೋದ್ರಾಗ ನಿನ್ನ ಸೂರ್ಯಾನ್ನ ಒಮ್ಮೆ ತೋರಿಸಿಬಿಡಪಾ,” ಅಂದ.

ನನಗೆ ಚಹಾ ನೆತ್ತಿಗೆ ಹತ್ತಿತು. ಈಗ ಬಿಸಿಲು ಜೋರು, ಮಳೆಗಾಲ ಬರಲಿ ಅಂದೆ. ಮಳೆಗಾಲ ಬಂದಾಗ ಮೋಡ ಅಂದೆ. ಮೋಡ ಹೋದಾಗ ನನ್ನ ಮೊಣಕಾಲು ಹಿಡಕೊಂಡಿತು. ನಾವು ಹೊರಡುವ ಹೊತ್ತಿಗೆ ಅವನ ಲೋಕವೆಲ್ಲ ಕುಡತಿನಿಯ ಕರೆಂಟ್ ಕಾರ್ಖಾನೆ ಚಿಮಣಿಯ ಹೊಗೆಯ ಹಿಂದೆ ನಿಂತ ಹಾಗಾಗಿತ್ತು. ಬೆಳಕು ಯಾವ ಕಡೆ, ಕತ್ತಲು ಯಾವ ಕಡೆ ಅನ್ನುವುದಷ್ಟೇ ಗೊತ್ತಾಗುತ್ತಿತ್ತು.

“ಏನ್ ಮೊಣಕಾಲೋ ನಿಂದು,” ಅಂದ. “ಹಂಪಿಗೆ ಅಂದ್ರ ಓಡತೈತಿ, ಕಡಲಿಗೆ ಅಂದ್ರ ಕುಂಟತೈತಿ.”

ಕೌಲ್ ಬಜಾರಿನ ಕನ್ನಡಕ

ಹೊರಡುವ ಮುಂಚೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಅವನಿಗೊಂದು ಕಪ್ಪು ಕನ್ನಡಕ ಕೊಡಿಸಿದೆ. ಅವನ ಮುಖಕ್ಕೆ ಅದು ಒಪ್ಪಿದ್ದು ನೋಡಿ ಹೊಟ್ಟೆಕಿಚ್ಚಾಗಿ ನಾನೂ ಒಂದು ಹಾಕಿಕೊಂಡೆ. ರೈಲು, ಆಮೇಲೆ ಬಸ್ಸು, ಆಮೇಲೆ ಆಟೋ. ಕಡಲ ದಂಡೆಯಲ್ಲಿ ಒಂದು ಕೇಂದ್ರವಿದೆ. ಕಡಲು ಅಂದರೇನು, ಸಣ್ಣ ದೋಣಿಯವರು ಮೀನು ಹಿಡಿಯುವುದು ಹೇಗೆ, ಎಲ್ಲ ತೋರಿಸಿ ಹೇಳಿಕೊಡುತ್ತಾರೆ. ಸಂಜೆಯವರೆಗೆ ಅಲ್ಲೇ ನೆರಳಿನಲ್ಲಿರೋಣ ಅಂದುಕೊಂಡೆವು.

ಕಪ್ಪು ಕನ್ನಡಕದಿಂದ ಹೊಸಲು ಕಾಣದೆ ನಾನು ಎಡವಿದೆ. ಟೇಲರ್ ಮೂರು ತಿಂಗಳಿಂದ ಕಾಣದೆ ನಡೆದು ಅಭ್ಯಾಸವಾದವನು, ಕಾಲೆತ್ತಿಟ್ಟು ನೆಟ್ಟಗೆ ನಡೆದ. ತೋರಿಸುವ ಕೆಲಸದ ಹೆಣ್ಣುಮಗಳು ಅಯ್ಯೋ ಪಾಪ ಅಂತ ಬಂದು ನನ್ನ ಕೈ ಹಿಡಿದಳು. ಕುರ್ಚಿ ಹಾಕಿದಳು, ಮಜ್ಜಿಗೆ ಕೊಟ್ಟಳು. ತೆಲುಗಿನಲ್ಲಿ, ತಾತಾ ಇದು ಹುಟ್ಟು, ಇದು ಬಲೆ, ಇದು ಬಲೆ ಮುಳುಗಲು ಕಟ್ಟುವ ಸೀಸ ಅಂತ ಒಂದೊಂದನ್ನೇ ನನ್ನ ಕೈಗೆ ಮುಟ್ಟಿಸಿದಳು. ಅಷ್ಟು ಮರ್ಯಾದೆ ನನಗೆ ನಮ್ಮ ಮನೆಯಲ್ಲೂ ಸಿಕ್ಕಿರಲಿಲ್ಲ. ಬಾಯಿ ಬಿಡಲು ಮನಸ್ಸಾಗಲಿಲ್ಲ. ಟೇಲರ್ ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ. ಮಜ್ಜಿಗೆ ಎರಡನೇ ಸಲ ಬಂದಾಗ ಅವನೂ ತೆಲುಗಿನಲ್ಲೇ ಹೇಳಿದ:

“ಅಮ್ಮಾ, ಅವಗ ಕಣ್ಣು ಕಾಣತಾವ. ಇಲ್ಲದ್ದೂ ಕಾಣತೈತಿ. ಕುರುಡ ನಾನು.”

ತೀರ್ಥ

ಆಮೇಲೆ ಆಕೆ ಅವನ ಕೈ ಹಿಡಿದಳು. ಒಳಗೆ ಒಂದು ತೊಟ್ಟಿಯಲ್ಲಿ ಕಡಲ ನೀರು ತುಂಬಿ ಶಂಖ, ಚಿಪ್ಪು, ನಕ್ಷತ್ರಮೀನು ಬಿಟ್ಟಿದ್ದರು, ಮುಟ್ಟಿ ನೋಡಲಿ ಅಂತ. ನಮ್ಮ ಕಡೆಯವರದೊಂದು ರೂಢಿಯಿದೆ. ತುಂಗಭದ್ರೆಯ ದಂಡೆಗೆ ಹೋದರೆ ಒಂದು ಬೊಗಸೆ ಬಾಯಿಗೆ, ಒಂದು ಬೊಗಸೆ ತಲೆಗೆ. ನೀರು ಕೈಗೆ ಹತ್ತಿದ್ದೇ ಟೇಲರ್ ಕೊರಳಿನ ಲಿಂಗವನ್ನು ಕಣ್ಣಿಗೊತ್ತಿಕೊಂಡು ಒಂದು ಬೊಗಸೆ ಕುಡಿದೇಬಿಟ್ಟ. ಆಕೆ ಬೇಡ ಬೇಡ ಅನ್ನುವಷ್ಟರಲ್ಲಿ ಎರಡನೆಯದು ತಲೆಗೆ ಹೋಗಿತ್ತು. ಮೀನು ಮುಟ್ಟದವನು ಜೀವಮಾನದಲ್ಲಿ ಮೊದಲ ಸಲ ಮೀನಿನ ಸಾರು ಕುಡಿದಂತಾಯಿತು.

ಮುಖ ಕಿವುಚಿದ, ಕೆಮ್ಮಿದ. ನಾನು ಬೆನ್ನು ತಟ್ಟಿದೆ. ಉಸಿರು ಬಂದ ಮೇಲೆ, “ಯಾರ್ ಮಾಡ್ಯಾರೋ ಇದನ್ನ? ಉಪ್ಪು ಹಾಕಿದ್ದು ಮರೆತು ಮತ್ತ ಹಾಕ್ಯಾರ,” ಅಂದ.

ಹೊಳೆಮೀನು

ಹಿತ್ತಲಲ್ಲಿ ಒಬ್ಬ ಮುದುಕ ಬಲೆ ಸರಿಮಾಡುತ್ತ ಕೂತಿದ್ದ. ಕಡಲಿಗಿಳಿದೇ ವಯಸ್ಸಾದವನು. ಅವನ ಮುಂದೆ ನಾನೇನು ಕಡಿಮೆ ಅಂತ ನಮ್ಮ ಹೊಳೆಯ ಮೀನಿನ ಸುದ್ದಿ ತೆಗೆದೆ. ಸಿರುಗುಪ್ಪದ ಹತ್ತಿರ ಹರಗೋಲಿನಲ್ಲಿ ಹೋಗುವಾಗ ಒಂದು ಮೀನು ಹರಗೋಲಿನ ಕೆಳಗೆ ಸೇರಿ, ನಮ್ಮನ್ನು ಬೆನ್ನ ಮೇಲೆ ಹೊತ್ತುಕೊಂಡೇ ಆಚೆ ದಂಡೆ ಮುಟ್ಟಿಸಿತು ಅಂದೆ. ಹುಟ್ಟು ಹಾಕಲೇ ಇಲ್ಲ ಅಂದೆ.

ಅವನು ನಗಲಿಲ್ಲ. ಗಂಟು ಬಿಗಿದು ಹಲ್ಲಿನಿಂದ ದಾರ ಕಡಿದ. ದೊಡ್ಡ ದೋಣಿಗಳು ಬಂದು ಕಡಲನ್ನೇ ಬಳಿದುಕೊಂಡು ಹೋಗುತ್ತವಂತೆ. ಇವನ ಬಲೆಗೆ ನಿನ್ನೆ ಬಿದ್ದದ್ದು ಒಂದು ಚಪ್ಪಲಿ, ಅದೂ ಎಡಗಾಲಿನದು. ಬಹಳ ಗಂಭೀರವಾಗಿ ಕೇಳಿದ:

“ನಿಮ್ಮ ಹೊಳೆಗೆ ಇಲ್ಲಿಂದ ಯಾವ ಬಸ್ಸು ಹತ್ತಬೇಕು?”

ಸಂಜೆ

ಹೊತ್ತು ಇಳಿಯಿತು. ಟೇಲರನ ಕೈ ನನ್ನ ಹೆಗಲ ಮೇಲೆ ಇಟ್ಟುಕೊಂಡು ದಂಡೆಗೆ ಕರಕೊಂಡು ಹೋದೆ. ಕಡಲು ಎದುರಿಗಿತ್ತು, ಸೀಸದ ಬಣ್ಣ. ಅಲ್ಲಿ ಸೂರ್ಯನಿರಲಿಲ್ಲ. ತಿರುಗಿ ನೋಡಿದೆ. ನಮ್ಮ ಬೆನ್ನ ಹಿಂದೆ, ತಾಳೆಮರ, ಕರೆಂಟ್ ಕಂಬ, ಕೇಂದ್ರದ ಪಾಯಖಾನೆ, ಅವುಗಳ ಆಚೆ ಸೂರ್ಯ ನೆಲಕ್ಕೆ ಇಳಿಯುತ್ತಿದ್ದ. ಆ ಕಡಲು ಇರುವುದೇ ಮೂಡಲ ದಿಕ್ಕಿಗೆ.

“ಹೇಳಪಾ,” ಅಂದ ಟೇಲರ್. ಅವನ ಮುಖ ನೀರಿನ ಕಡೆಗಿತ್ತು.

ಹೇಳಿದೆ. ಇನ್ನೇನು ಮಾಡಲಿ? ಕೆಂಪಗಾಗ್ಯಾನ ಅಂದೆ. ನೀರಿನ ಮೇಲೆ ನಮ್ಮ ಕಾಲಿನವರೆಗೂ ಜರಿ ಅಂಚು ಹಾಸಿದಂತಿದೆ, ನೀನು ಮಗಳ ಮದುವೆಗೆ ಹೊಲಿದ ಕುಪ್ಪಸದ ಬಣ್ಣ ಅಂದೆ. ಅರ್ಧ ಮುಳುಗಿದ ಅಂದೆ. ಈಗ ಉಗುರಿನಷ್ಟು ಅಂದೆ. ಆ ಹೊತ್ತಿನಂಥ ಮಾತು ನನ್ನ ಬಾಯಲ್ಲಿ ಹಿಂದೆಂದೂ ಬಂದಿರಲಿಲ್ಲ.

ಅವನು ಇನ್ನೊಂದು ಕೈ ಹಿಂದಕ್ಕೆ ಚಾಚಿ ಬೆನ್ನು ಮುಟ್ಟಿಕೊಂಡ.

“ಬೆನ್ನು ಯಾಕೋ ಬೆಚ್ಚಗಾಗೈತಿ,” ಅಂದ.

“ಕಡಲ ಗಾಳಿ. ಬಿಸಿ ಇರತೈತಿ.”

“ಗಾಳಿ ಮುಂದಿಂದ ಬರಾಕತ್ತೈತಿ. ತಣ್ಣಗೈತಿ.”

ಕನ್ನಡಕ ತೆಗೆದ. ನಿಧಾನ ತಿರುಗಿದ, ಕಡಲಿಗೆ ಬೆನ್ನು ಹಾಕಿ, ಮತ್ತೆ ನನ್ನ ಹೆಗಲು ಹಿಡಿದು, ಮುಖ ಎತ್ತಿ ನಿಂತ. ಇದ್ದಬದ್ದ ಬೆಳಕೆಲ್ಲ ಅವನ ಮುಖದ ಮೇಲಿತ್ತು. ಕಣ್ಣಲ್ಲಿ ನೀರಿತ್ತು, ಬೆಳಕಿಗೋ ಏನೋ.

“ಬೆಳಕು ಈ ಕಡಿ ಐತಿ. ಅಲೆ ಸಪ್ಪಳ ಆ ಕಡಿಂದ ಬರತೈತಿ,” ಅಂದ. “ನೀ ಇಲ್ಲಿಗೆ ಬಂದೇ ಇಲ್ಲ, ಹೌದಿಲ್ಲೋ?”

“ಬಂದಿದ್ದೆ,” ಅಂದೆ. “ಆಗ ಆ ಕಡೀನ ಮುಳುಗ್ತಿದ್ದ.”

ಹೆಗಲು ಎತ್ತಿ ಇಳಿಸಿದೆ. ಅದರ ಮೇಲಿದ್ದ ಅವನ ಕೈಯೂ ಎದ್ದು ಇಳಿಯಿತು.