ಏಳು ಚೀಲ ತುಂಬಿ ಉಳಿದ ಮೆಣಸಿನಕಾಯಿ

ನನ್ನಿಂದ ಡಿಗ್ರಿ ಆಗುವುದಿಲ್ಲ ಎಂದವರು ನಮ್ಮ ಅವ್ವನ ಅಣ್ಣ, ಬ್ಯಾಡಗಿಯ ಬಸಣ್ಣ ಮಾವ. ಒಮ್ಮೆ ಹೇಳಿ ಬಿಟ್ಟಿದ್ದರೆ ಮರೆಯುತ್ತಿದ್ದೆ. ಹಬ್ಬಕ್ಕೆ ಬಂದರೂ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೂ ಅದೇ ಮಾತು: "ನಮ್ಮ ಮನಿತನದಾಗ ಯಾರೂ ಡಿಗ್ರಿ ಮುಗಿಸಿಲ್ಲವಾ. ನೀ ಏನ್ ಮುಗಸ್ತಿ?" ರಾಣೆಬೆನ್ನೂರಿನ ಕಾಲೇಜಿನಲ್ಲಿ ಜಾವಾಸ್ಕ್ರಿಪ್ಟ್ ಕಲಿಸುವ ಮೇಡಂ, ಒಮ್ಮೆ ಬೆಲೆ ಕೊಟ್ಟ ಮೇಲೆ ಬದಲಾಗದ್ದಕ್ಕೆ ಸ್ಥಿರಾಂಕ ಎನ್ನುತ್ತಾರೆ ಎಂದಾಗ, ಉದಾಹರಣೆ ಬೇಡವಾದದ್ದು ನನಗೊಬ್ಬಳಿಗೇ.

ಆದರೆ ಆ ವಿಷಯದ ಪ್ರಾಕ್ಟಿಕಲ್‌ನಲ್ಲೇ ನಾನು ಡುಮ್ಕಿ ಹೊಡೆದೆ. ಉಳಿದೆಲ್ಲ ಪಾಸು. ಈ ಒಂದು ದಾಟಿದರೆ ಡಿಗ್ರಿ, ಇಲ್ಲದಿದ್ದರೆ ಮಾವನ ಮಾತೇ ಖರೆ.

ಮರುಪರೀಕ್ಷೆಗೆ ಮನೆಯಲ್ಲೇ ಅಭ್ಯಾಸಕ್ಕೆ ಕುಳಿತೆ. ಅಂಗಳದಲ್ಲಿ ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಅದನ್ನೇ ಲೆಕ್ಕ ಮಾಡಿಕೊಂಡೆ. ಕಾಯಿ ನೂರಾ ಎಂಬತ್ತು ಕಿಲೋ. ಚೀಲಕ್ಕೆ ಇಪ್ಪತ್ತೈದು ಕಿಲೋ, ಅದು ಸ್ಥಿರಾಂಕ. ಉತ್ತರ ಏಳು ಪಾಯಿಂಟ್ ಎರಡು. ಪೂರ್ಣ ಸಂಖ್ಯೆ ಬರಲೆಂದು ಚೀಲವನ್ನೇ ತುಸು ಹಿಗ್ಗಿಸಲು ಹೋದೆ. ಕಂಪ್ಯೂಟರ್ ಒಪ್ಪಲಿಲ್ಲ, ಸ್ಥಿರಾಂಕಕ್ಕೆ ಕೈ ಹಚ್ಚುವಂತಿಲ್ಲ. ಕೊನೆಗೆ ಹತ್ತಿರದ ಪೂರ್ಣ ಸಂಖ್ಯೆ ಕೊಡುವ ರೌಂಡ್ ಹಾಕಿ, "ಅವ್ವಾ, ಏಳು ಚೀಲ ಸಾಕು" ಎಂದು ಬೀಗಿದೆ.

ಅವ್ವ ತಲೆ ಎತ್ತಲಿಲ್ಲ. "ಉಳಿದ ಕಾಯಿ ಏನ್ ನಿನ್ನ ತಲಿ ಮ್ಯಾಲ ಹೊರತೀ? ಎಂಟ ಬೇಕವಾ."

ಮೂರು ವರ್ಷ ಓದಿದ ನನಗೆ ಉತ್ತರವನ್ನು ಮೇಲಿನ ಪೂರ್ಣ ಸಂಖ್ಯೆಗೆ ಏರಿಸುವ 'ಸೀಲ್' ಎಂಬ ಆಜ್ಞೆ ಯಾಕಿದೆ ಎಂಬುದು ಅಂದು ತಿಳಿಯಿತು. ಕೆಳಕ್ಕೆ ಇಳಿಸುವ ಫ್ಲೋರ್ ಮಾತ್ರ ಮಾವನ ಸಹವಾಸದಿಂದ ಮೊದಲೇ ಪರಿಚಯ.

ಪರೀಕ್ಷೆಯಲ್ಲಿ ಬಂದ ಪ್ರಶ್ನೆ: ಕಾಗಿನೆಲೆಗೆ ಪ್ರವಾಸ ಹೊರಟ ಮಕ್ಕಳು ನೂರಾ ಅರವತ್ತು, ಒಂದು ಬಸ್ಸಿಗೆ ಐವತ್ತು, ಬಸ್ಸು ಎಷ್ಟು ಬೇಕು? ಮೂರು ಪಾಯಿಂಟ್ ಎರಡು ಎಂದು ಕಂಡದ್ದೇ, ಬಿಟ್ಟುಹೋಗುವ ಹತ್ತು ಮಕ್ಕಳು ನನ್ನ ತಲೆಯ ಮೇಲೆ ಕುಳಿತಂತಾಯಿತು. ಸೀಲ್ ಹಾಕಿ ನಾಲ್ಕು ಬಸ್ಸು ಕಳಿಸಿದೆ.

ಡಿಗ್ರಿ ಸರ್ಟಿಫಿಕೇಟ್ ಬಂದ ದಿನ ಬಸ್ಸಿನಲ್ಲಿ ಅದನ್ನು ಎದೆಗೆ ಅವುಚಿಕೊಂಡೇ ಬಂದೆ. ಅಂದು ಮಾವನೂ ಬಂದು ಅಂಗಳದಲ್ಲಿ ಕುಳಿತಿದ್ದರು. ಅವ್ವನ ಮುಂದೆ ಹಿಡಿದರೆ ಅವಳು ಮುಟ್ಟಲಿಲ್ಲ. "ಕೈಯೆಲ್ಲಾ ಖಾರ ಐತಿ, ಮಾವಗ ಕೊಡು."

ಕೊಟ್ಟೆ. ಮಾವ ಕನ್ನಡಕ ಏರಿಸಿ, ನನ್ನ ಹೆಸರಿನ ಮೇಲೆ ಬೆರಳಾಡಿಸಿ, ಬಹಳ ಹೊತ್ತು ನೋಡಿದರು. ಹಳೆಯ ಮಾತು ಬರಲಿಲ್ಲ. ಕೆಮ್ಮಿ, ಶೇಕಡಾ ಅಂಕದ ಮೇಲೆ ಬೆರಳಿಟ್ಟು, "ಎಪ್ಪತ್ತೊಂಬತ್ತು ಪಾಯಿಂಟ್ ಎರಡು. ಅಂದ್ರ, ಎಪ್ಪತ್ತೊಂಬತ್ತು" ಎಂದರು.

ರೌಂಡ್ ಹಾಕಿದರೂ ಅಷ್ಟೇ ಬರುತ್ತದೆ. ಕಲಿತವಳಾದ ನಾನು ಮಾವನ ಲೆಕ್ಕಕ್ಕೇ ಹೂಂ ಎನ್ನುವವಳಿದ್ದೆ.

ಅಷ್ಟರಲ್ಲಿ ಅವ್ವ ತೊಟ್ಟು ಬಿಡಿಸುತ್ತಲೇ ಅಂದಳು: "ಎಂಬತ್ತು ಅನ್ನೋ ಅಣ್ಣಾ. ಉಳಿದದ್ದನ್ನ ಏನ್ ಕೂಸು ತಲಿ ಮ್ಯಾಲ ಹೊರಬೇಕೇನು?"