ಹಿಮಾಲಯಕ್ಕೆ ಹೊರಟ ಚೀಲ

ಪ್ರಯಾಣಕ್ಕೆ ಮುಹೂರ್ತ ನೋಡುವ ವಿಷಯದಲ್ಲಿ ನನ್ನನ್ನು ಮೀರಿಸುವವರು ಕಾಪು ಪೇಟೆಯಲ್ಲಿ ಯಾರೂ ಇಲ್ಲವೆಂದು ಕಳೆದ ಮೇ ತಿಂಗಳ ಒಂದು ಗುರುವಾರದವರೆಗೆ ನಾನು ದೃಢವಾಗಿ ನಂಬಿದ್ದೆ. ಆ ನಂಬಿಕೆಯು ಅಂದು ಬೆಳಿಗ್ಗೆ ಒಂಬತ್ತು ಗಂಟೆಗೆ, ನಾನು ದೋಸೆ ತಿನ್ನುತ್ತಿದ್ದಾಗ, ದೈವಾಧೀನವಾಯಿತು.

ಮೂವತ್ತೊಂದು ವರ್ಷ ನಾನು ಪ್ರೌಢಶಾಲೆಯಲ್ಲಿ ಸಂಸ್ಕೃತ ಕಲಿಸಿದವನು. ವರ್ಷಕ್ಕೊಮ್ಮೆ ಪಠ್ಯದಲ್ಲಿ ಹಿಮಾಲಯದ ವರ್ಣನೆ ಬರುತ್ತಿತ್ತು. ಕಿಟಕಿಯ ಹೊರಗೆ ತೆಂಗಿನಮರ, ಅದರಾಚೆ ಸಮುದ್ರ. ಒಳಗೆ ನಾನು ಬೆವರು ಒರೆಸಿಕೊಳ್ಳುತ್ತ ಹಿಮಶಿಖರಗಳನ್ನು ವರ್ಣಿಸುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ್, ಹಿಮ ಮುಟ್ಟಿದರೆ ಹೇಗಿರ್ತದೆ?" ಎಂದು ಕೇಳಿದಳು.

ನಾನು ಗಂಭೀರವಾಗಿ, "ತಂಪಾಗಿರುತ್ತದೆ" ಎಂದೆ.

ಮನೆಗೆ ಬಂದು ಇದನ್ನು ಹೇಳಿದಾಗ ನನ್ನ ಪತ್ನಿ ಸುಮತಿ, "ಅಷ್ಟನ್ನು ನಮ್ಮ ಫ್ರಿಜ್ಜೂ ಹೇಳ್ತದೆ" ಎಂದಳು. ಇಬ್ಬರೂ ನಕ್ಕೆವು. ನಕ್ಕು ಮುಗಿದ ಮೇಲೆ ಅವಳು ಮೆಲ್ಲನೆ, "ಒಮ್ಮೆ ಹೋಗಿ ಮುಟ್ಟಿ ನೋಡಬೇಕು, ಅಲ್ವಾ?" ಎಂದಳು. ಆ ಮಾತು ದೇವರ ಮುಂದಿನ ನಂದಾದೀಪದಂತೆ ಮನೆಯಲ್ಲಿ ಉಳಿದುಬಿಟ್ಟಿತು. ಹೆಚ್ಚು ಉರಿಯಲಿಲ್ಲ, ಆರಲೂ ಇಲ್ಲ.

ಈ ವರ್ಷ ಮಣಿಪಾಲದ ವೈದ್ಯರು ಅವಳ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಮಳೆಗಾಲದಲ್ಲಿ ಮಂಡಿಗೆ ಆಪರೇಷನ್ ಮಾಡಿಬಿಡುವ" ಎಂದರು. ಹಿಂದಿರುಗುವ ಬಸ್ಸಿನಲ್ಲಿ ಸುಮತಿ ಕಟಪಾಡಿಯವರೆಗೂ ಮಂಡಿಯನ್ನು ನೀವುತ್ತ ಬಂದಳು. ಆಮೇಲೆ, "ಅದಕ್ಕೆ ಮುಂಚೆ ಹೋಗಿ ಬರುವ. ಆಮೇಲೆ ಈ ಕಾಲು ನನ್ನ ಮಾತು ಕೇಳ್ತದೋ ಇಲ್ಲವೋ!" ಎಂದಳು.

"ಬದರಿಗೆ ಹೋಗೋಣ. ದೇವರ ದರ್ಶನವೂ ಆಗುತ್ತದೆ" ಎಂದೆ.

"ದೇವರು ಇಲ್ಲಿಯೂ ಇದ್ದಾನೆ. ಹಿಮ ಇಲ್ಲಿಲ್ಲ" ಎಂದಳು. ಶಾಸ್ತ್ರ ಓದಿದ ನಾನು ಪಂಚಾಂಗ ತೆಗೆದು ಕುಳಿತೆ.

ಪಕ್ಕದ ಮನೆಯ ವಾಸು ಶೆಟ್ಟರು ಗಲ್ಫಿನಲ್ಲಿ ಇಪ್ಪತ್ತೆರಡು ವರ್ಷ ದುಡಿದು ಬಂದವರು. ನಾವು ಬಸ್ಸು ಹತ್ತಿದಷ್ಟು ಸಲ ಅವರು ವಿಮಾನ ಹತ್ತಿದ್ದಾರೆ. ನನ್ನ ಮೊಬೈಲಿನಲ್ಲಿ ದೆಹಲಿಯ ವಿಮಾನದರ ತೋರಿಸಿ, "ಭಟ್ರೇ, ಒಳ್ಳೆ ರೇಟು ಉಂಟು. ಈಗಲೇ ಒತ್ತಿಬಿಡಿ" ಎಂದರು.

"ಇಂದು ಅಷ್ಟಮಿ ಶೆಟ್ರೇ. ಎರಡು ದಿನ ಕಾಯೋಣ."

"ಎಂತ ಮಾರಾಯ್ರೇ, ವಿಮಾನಕ್ಕೆ ಅಷ್ಟಮಿ ಉಂಟಾ?"

ಅಷ್ಟಮಿ ಕಳೆದು ನವಮಿ ಬಂತು, ನವಮಿ ಕಳೆದು ದಶಮಿ ಬಂತು. ದಶಮಿಯಂದು ನೋಡಿದರೆ ದರವು ಶುಕ್ಲಪಕ್ಷದ ಚಂದ್ರನಂತೆ ವೃದ್ಧಿಸಿತ್ತು! ಮಂಗಳವಾರ ಮಧ್ಯಾಹ್ನ ಇಳಿಯುತ್ತದೆಂದು ಶೆಟ್ಟರು ಧೈರ್ಯ ಹೇಳಿದರು. ಇಳಿಯಿತು. ಮೂರೂಕಾಲಿಗೆ ಸರಿಯಾಗಿ ಇಳಿಯಿತು. ಆಗ ರಾಹುಕಾಲ! ನಾಲ್ಕೂವರೆಯವರೆಗೆ ನಾನು ಮೊಬೈಲನ್ನು ದೇವರ ಪೀಠದ ಬಳಿ ಇಟ್ಟು, ಭಕ್ತಿಯಿಂದ ಅದನ್ನೇ ನೋಡುತ್ತ ಕುಳಿತೆ. ರಾಹು ಹೋದ. ಕಡಿಮೆ ದರವೂ ಅವನ ಜೊತೆಗೇ ಹೋಯಿತು.

"ನೀವು ಪದೇ ಪದೇ ನೋಡಿದ್ದು ಅದಕ್ಕೆ ಗೊತ್ತಾಗಿದೆ" ಎಂದರು ಶೆಟ್ಟರು. "ಬೇಕು ಅಂತ ಅದಕ್ಕೆ ತೋರಿಸಬಾರದು."

ಆ ದಿನದಿಂದ ನಾನು ವಿಮಾನದ ಬಗ್ಗೆ ವೈರಾಗ್ಯ ನಟಿಸತೊಡಗಿದೆ. ಮೊಬೈಲು ಎದುರಿಗಿದ್ದಾಗ "ನಮಗೆ ಹಿಮಾಲಯವೂ ಒಂದೇ, ನಮ್ಮ ಪೆರ್ಡೂರೂ ಒಂದೇ" ಎಂದು ಗಟ್ಟಿಯಾಗಿ ಹೇಳುತ್ತಿದ್ದೆ. ಸುಮತಿ ಮಾತ್ರ ಯಾವ ನಟನೆಯೂ ಇಲ್ಲದೆ ಉಡುಪಿಗೆ ಹೋಗಿ ಎರಡು ಉಣ್ಣೆಯ ಟೋಪಿ ತಂದಳು. ಮೇ ತಿಂಗಳ ಆ ಸೆಕೆಯಲ್ಲಿ ಟೋಪಿಗಳು ಅಂಗಳದ ಹಗ್ಗದಲ್ಲಿ ತೂಗುತ್ತಿದ್ದವು. ಅವಳು ಹೋಗುತ್ತ ಬರುತ್ತ ಅವನ್ನು ಮುಟ್ಟುತ್ತಿದ್ದಳು. ಅದನ್ನು ಕಂಡ ಮೇಲೆ ನನ್ನ ವೈರಾಗ್ಯ ಉಳಿಯಲಿಲ್ಲ.

ಪಂಚಾಂಗವನ್ನು ಆಮೂಲಾಗ್ರ ಶೋಧಿಸಿದೆ. ಬುಧವಾರ ಉತ್ತರ ದಿಕ್ಕಿಗೆ ಶೂಲ, ಅತ್ತ ಹೊರಟವನಿಗೆ ವಿಘ್ನ, ಆದ್ದರಿಂದ ತ್ಯಾಜ್ಯ. ಮರುದಿನ ಗುರುವಾರ, ಶುಭ ತಿಥಿ, ಉತ್ತರ ಪ್ರಯಾಣಕ್ಕೆ ಪ್ರಶಸ್ತ. ಆ ಗುರುವಾರಕ್ಕೆ ಕೈಗೆಟಕುವ ದರದ ವಿಮಾನ ಒಂದೇ ಒಂದು ಇತ್ತು: ಒಂದು ಗಂಟೆ ನಲವತ್ತು ನಿಮಿಷಕ್ಕೆ. ನಡುರಾತ್ರಿ ಕಳೆದ ಮೇಲೆ. ಆಗಲಿ!

ಪೂರ್ವಾಭಿಮುಖನಾಗಿ ಕುಳಿತು, ವಿಘ್ನೇಶ್ವರನನ್ನು ಸ್ತುತಿಸಿ ಮುಗಿಸುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿತ್ತು. ಎರಡನೆಯ ಸಲ ಅರ್ಧ ಶ್ಲೋಕಕ್ಕೇ ನಿಲ್ಲಿಸಿದೆ. ಟಿಕೆಟ್ ಬಂತು. ರದ್ದು ಮಾಡಿದರೆ ಹಣ ಮರಳದು ಎಂದು ಕೆಳಗೆ ಬರೆದಿತ್ತು. ರದ್ದು ಮಾಡುವ ಪ್ರಸಂಗವೇ ಇಲ್ಲವಲ್ಲ ಎಂದು ಮುಗುಳ್ನಕ್ಕೆ.

ಗುರುವಾರ ಹಗಲೆಲ್ಲ ಮನೆಯಲ್ಲೇ ಇದ್ದು, ಸಂಜೆ ಏಳಕ್ಕೆ ಮಂಗಳೂರಿಗೆ ಹೊರಡಲು ಕಟಪಾಡಿಯ ಟ್ಯಾಕ್ಸಿಗೆ ಹೇಳಿದ್ದೆ. ಆದರೆ ಒಳ್ಳೆಯ ಲಗ್ನ ಇದ್ದದ್ದು ಬೆಳಿಗ್ಗೆ ಏಳೂವರೆಗೆ. ಇದಕ್ಕೂ ಹಿರಿಯರು ದಾರಿ ಮಾಡಿಟ್ಟಿದ್ದಾರೆ: ಪ್ರಸ್ಥಾನ ಇಡುವುದು. ಶುಭ ಸಮಯಕ್ಕೆ ಪ್ರಯಾಣದ ಗಂಟೊಂದನ್ನು ಹೊರಡಿಸಿ ಬೇರೊಂದು ಮನೆಯಲ್ಲಿ ಇರಿಸಿದರೆ ನಾವೇ ಹೊರಟಂತೆ. ಅಂತೆಯೇ ಟೋಪಿಗಳಿದ್ದ ಚೀಲವನ್ನು ಶೆಟ್ಟರ ಜಗಲಿಯಲ್ಲಿ ಇಟ್ಟು ಬಂದೆ. ಅವರು ಬೆಳ್ಮಣ್ಣಿನ ಮಗಳ ಮನೆಗೆ ಹೋದವರು ಇನ್ನೂ ಮರಳಿರಲಿಲ್ಲ. ಸುಮತಿ ಬುಧವಾರವೇ ಫ್ರಿಜ್ಜು ಆರಿಸಿ, ತೊಳೆದು, ಬಾಗಿಲು ತೆರೆದಿಟ್ಟಿದ್ದಳು. ಹಾಲಿಲ್ಲದ ಕಾಫಿಯ ಜೊತೆ ಕೊನೆಯ ಹಿಟ್ಟಿನ ದೋಸೆ ತಿನ್ನುತ್ತಿದ್ದೆವು.

ಅಷ್ಟರಲ್ಲಿ ಶೆಟ್ಟರು ಚೀಲವನ್ನು ಎದೆಗವಚಿಕೊಂಡು ಓಡಿ ಬಂದರು. ನಮ್ಮನ್ನು ಕಂಡು ಹೊಸ್ತಿಲಲ್ಲೇ ನಿಂತರು.

"ಅಯ್ಯೋ ದೇವರೇ! ನೀವು ಚೀಲ ಬಿಟ್ಟು ಹೋದಿರಿ ಅಂತ ನಾನು ಹೆದರಿದರೆ, ಇಲ್ಲಿ ಚೀಲ ನಿಮ್ಮನ್ನು ಬಿಟ್ಟು ಹೋಗಿದೆಯಲ್ಲ! ಗುರುವಾರದ ಫ್ಲೈಟ್ ಅಲ್ವಾ?"

"ಹೌದು. ಇಂದೇ ಗುರುವಾರ. ರಾತ್ರಿ ಒಂದು ನಲವತ್ತಕ್ಕೆ" ಎಂದೆ ಪ್ರಸನ್ನನಾಗಿ.

ಶೆಟ್ಟರು ಟಿಕೆಟನ್ನು ಓದಿದರು. ಮತ್ತೊಮ್ಮೆ ಓದಿದರು. ಚೀಲವನ್ನು ಮೆಲ್ಲಗೆ ಕೆಳಗಿಟ್ಟರು. "ಭಟ್ರೇ, ಗುರುವಾರದ ಒಂದು ನಲವತ್ತು ಆಗಿಹೋಯ್ತು. ನಿನ್ನೆ ನೀವು ಮಲಗಿದ ಮೇಲೆ."

"ಅದು ಬುಧವಾರದ ರಾತ್ರಿ ಅಲ್ಲವೇ? ವಾರ ಬದಲಾಗುವುದು ಸೂರ್ಯೋದಯಕ್ಕೆ."

"ನಿಮಗೆ ಸೂರ್ಯೋದಯಕ್ಕೆ. ವಿಮಾನಕ್ಕೆ ನಡುರಾತ್ರಿ ಹನ್ನೆರಡಕ್ಕೆ!"

ದೋಸೆ ಕೈಯಲ್ಲೇ ಉಳಿಯಿತು. ನನ್ನ ಶಾಸ್ತ್ರದ ಪ್ರಕಾರ ಆ ವಿಮಾನವು ಬುಧವಾರವೇ, ಶೂಲವಿದ್ದ ದಿಕ್ಕಿಗೇ ಹಾರಿತ್ತು. ಅದು ಸುಖವಾಗಿ ದೆಹಲಿ ಮುಟ್ಟಿತು. ಶೂಲ ತಾಗಿದ್ದು ನನಗೆ!

ಸುಮತಿ ಎದ್ದು ಚೀಲದಿಂದ ಟೋಪಿಗಳನ್ನು ತೆಗೆದು, ಮಡಚಿ, ಮಡಿಲಲ್ಲಿಟ್ಟುಕೊಂಡು ಕುಳಿತಳು. ನಾನು ಸಮುದ್ರದ ಕಡೆಗೆ ನೋಡುತ್ತಿದ್ದೆ. ಮೂವತ್ತೊಂದು ವರ್ಷ ಬಾಯಲ್ಲಿ ಹತ್ತಿದ ಬೆಟ್ಟವನ್ನು ಒಮ್ಮೆ ಅವಳಿಂದ ಕಾಲಲ್ಲಿ ಹತ್ತಿಸಲು ನನಗೆ ಆಗಲಿಲ್ಲವಲ್ಲ!

"ಇನ್ನು ಆಪರೇಷನ್ ಆಗಲಿ" ಎಂದಳು ಕೊನೆಗೆ. "ಹಿಮವನ್ನು ಹಳೆ ಮಂಡಿಯಲ್ಲಿ ನೋಡುವ ಯೋಗ ಇಲ್ಲ. ಹೊಸದರಲ್ಲಿ ನೋಡುವ. ಶೆಟ್ರೇ, ಅಕ್ಟೋಬರಿಗೆ ಟಿಕೆಟ್ ಉಂಟಾ ನೋಡಿ."

ಮಧ್ಯಾಹ್ನ ಊಟವಾದ ಮೇಲೆ ಶೆಟ್ಟರು ಹುಡುಕಿ ಕೊಟ್ಟರು. ದರ ನಾವು ಕಂಡದ್ದರಲ್ಲೆಲ್ಲ ಕಡಿಮೆ. ಗಡಿಯಾರ ನೋಡಿದೆ. ಎರಡು ಗಂಟೆ, ಗುರುವಾರದ ರಾಹುಕಾಲದ ನಟ್ಟನಡುವೆ! ನಾನು ಬಾಯಿ ತೆರೆಯುವ ಮೊದಲೇ ಅವಳು ಗುಂಡಿ ಒತ್ತಿ, ನನ್ನ ಕಡೆ ತಿರುಗಿದಳು.

"ಬೆಳಿಗ್ಗೆ ಹತ್ತೂವರೆಯ ವಿಮಾನ. ನಿಮ್ಮ ಪಂಚಾಂಗದಲ್ಲೂ ಅವರ ಟಿಕೆಟಿನಲ್ಲೂ ಅದು ಒಂದೇ ದಿನ. ನಾನೇ ನೋಡಿದ್ದೇನೆ."

ಪಂಚಾಂಗವನ್ನು ಮಡಚಿ ಮೊಳೆಗೆ ತೂಗುಹಾಕಿದೆ.

ಅಕ್ಟೋಬರಿಗೆ ಇನ್ನೂ ಬಹಳ ದಿನಗಳಿವೆ. ಟೋಪಿಗಳು ನುಸಿಗುಳಿಗೆಯೊಂದಿಗೆ ಪೆಟ್ಟಿಗೆಯಲ್ಲಿವೆ. ಫ್ರಿಜ್ಜು ಮತ್ತೆ ಓಡುತ್ತಿದೆ. ಸುಮತಿ ಕಾಣದಾಗ ನಾನು ಅದರ ಮೇಲಿನ ಬಾಗಿಲು ತೆರೆದು, ಕಟ್ಟಿರುವ ಬಿಳಿ ಪದರಿಗೆ ಬೆರಳಿಟ್ಟು ನೋಡುತ್ತೇನೆ. ನಿನ್ನೆ ಹಾಗೆ ನಿಂತಿದ್ದಾಗ ಹಿಂದಿನಿಂದ ಅವಳ ಧ್ವನಿ ಕೇಳಿತು.

"ಹೇಗಿದೆ ಸರ್?"

"ತಂಪಾಗಿದೆ" ಎಂದೆ.

ಪಾಠದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಮೇಷ್ಟ್ರಿಗೆ ವಾರ ಮಾತ್ರ!