ಫೈವೆಲ್ ಪ್ರೇಗರನ ಆಯುಷ್ಯ

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಶಾಲೆಯ ಆಫೀಸಿನಿಂದ ಫೋನ್ ಮಾಡಿದ ತಿರ್ತ್ಸಾ ಎಂಬ ಹುಡುಗಿ ಫೈವೆಲ್ ಪ್ರೇಗರನಿಗೆ ಅವನ ತಾಯಿಯ ಹೆಸರು ಕೇಳಿದಳು. ಆಮೇಲೆ ನಡೆದ ಅನಾಹುತಕ್ಕೆಲ್ಲ ಆ ಒಂದು ಪ್ರಶ್ನೆಯೇ ಕಾರಣ.

ಅವತ್ತು ಸಂಜೆ ಆರಕ್ಕೆ ಶಾಲೆಯ ವಾರ್ಷಿಕ ಔತಣವಿತ್ತು. ಕ್ಲೀವ್‌ಲ್ಯಾಂಡಿನ ನಮ್ಮ ಯೆಹೂದಿ ಜನವೆಲ್ಲ ವರ್ಷಕ್ಕೊಮ್ಮೆ ಒಳ್ಳೆ ಬಟ್ಟೆ ಹಾಕಿಕೊಂಡು ಬಂದು, ಶಾಲೆಯ ಸಭಾಂಗಣದಲ್ಲಿ ಕೋಳಿಸಾರು ಕುಡಿದು, ದೇಣಿಗೆ ಬರೆದು, ಸಂಬಳವಿಲ್ಲದೆ ದುಡಿದವರಲ್ಲಿ ಒಬ್ಬರಿಗೆ ಸನ್ಮಾನ ಮಾಡಿ ಹೋಗುವುದು ರೂಢಿ. ಈ ಸಲ ಸರದಿ ಫೈವೆಲ್‌ನದು. ಅರವತ್ತೇಳರ ಫೈವೆಲ್ ಕನ್ನಡಕದ ಅಂಗಡಿಯಿಂದ ನಿವೃತ್ತನಾದವನು. ಹೆಂಡತಿ ಹಿಂಡಾ ತೀರಿಕೊಂಡ ಮೇಲೆ, ಎಂಟು ವರ್ಷದಿಂದ ದಿನಾ ಶಾಲೆಯ ಅಡುಗೆಮನೆಗೆ ಹೋಗಿ ಕ್ಯಾರೆಟ್ ಹೆರೆಯುವುದು, ಈರುಳ್ಳಿ ಹೆಚ್ಚುವುದು, ಮುನ್ನೂರು ಮಕ್ಕಳಿಗೆ ಬಡಿಸುವುದು ಅವನ ಕೆಲಸ. ಕೆಲಸವೇನು, ಬದುಕೇ ಅದು. ಆ ಅಡುಗೆಮನೆ ಇಲ್ಲದಿದ್ದರೆ ಅವನು ಯಾವತ್ತೋ ಗೋಡೆಯ ಜೊತೆ ಮಾತಾಡಲು ಶುರುಮಾಡುತ್ತಿದ್ದ.

“ಮಿಸ್ಟರ್ ಪ್ರೇಗರ್, ನಿಮ್ಮ ಹೀಬ್ರೂ ಹೆಸರು ಹೇಳ್ತೀರಾ? ಬರ್ಕೋಬೇಕು,” ಅಂದಳು ತಿರ್ತ್ಸಾ.

“ಬರ್ಕೋಮ್ಮ. ಯಾಕೊವ್-ಲೈಬ್ ಮಗ ಫೈವೆಲ್.”

“ಅಪ್ಪನ ಹೆಸರು ಬೇಡ. ಅಮ್ಮನ ಹೆಸರು ಬೇಕಂತೆ.”

ಫೈವೆಲ್‌ನ ಕೈಯಲ್ಲಿದ್ದ ಕಾಫಿ ತುಳುಕಿ ಚಪ್ಪಲಿಯ ಮೇಲೆ ಬಿತ್ತು. “ಅಮ್ಮನದಾ? ಅಮ್ಮನ ಹೆಸರು ಯಾಕೆ?”

“ನಿಮಗೆ ಹೇಳ್ಬಾರ್ದು ಅಂದಿದ್ದಾರೆ ರಬ್ಬಿಯವರು. ಅಯ್ಯೋ, ಇಷ್ಟು ಹೇಳಿದ್ದೇ ತಪ್ಪಾಯ್ತೇನೋ. ಬೇಗ ಹೇಳಿ ಸಾರ್, ಇನ್ನೂ ಮೇಜಿನ ಬಟ್ಟೆಗಳು ಬಂದಿಲ್ಲ ಇಲ್ಲಿ.”

“ಶೈನೆ-ರೈಸೆಲ್,” ಅಂದ ಫೈವೆಲ್.

ನಮ್ಮಲ್ಲಿ ಒಬ್ಬನನ್ನು ಗೌರವಕ್ಕೆ ಕರೆಯುವಾಗ ಅಪ್ಪನ ಹೆಸರು ಹಿಡಿದು ಕರೆಯುತ್ತಾರೆ. ಗೋರಿಯ ಕಲ್ಲಿನ ಮೇಲೆ ಕೆತ್ತುವುದೂ ಅಪ್ಪನ ಹೆಸರನ್ನೇ. ಇವೆರಡರ ನಡುವೆ ಮನುಷ್ಯ ಹಾಸಿಗೆ ಹಿಡಿದು, ಊರವರೆಲ್ಲ ಅವನಿಗಾಗಿ ದೇವರ ಮುಂದೆ ಅಂಗಲಾಚುವ ಸ್ಥಿತಿ ಬಂದಾಗ ಮಾತ್ರ ತಾಯಿಯ ಹೆಸರು ಹೇಳುತ್ತಾರೆ. ಇದು ಮೂರನೇ ಕ್ಲಾಸಿನ ಮಗುವಿಗೂ ಗೊತ್ತು. ಸನ್ಮಾನದ ಫಲಕಕ್ಕೆ ಶೈನೆ-ರೈಸೆಲ್ ಯಾಕೆ ಬೇಕು?

ಗುರುವಾರ ಎದೆ ಡವಗುಟ್ಟುತ್ತದೆ ಅಂತ ಫೈವೆಲ್ ಡಾಕ್ಟರ್ ವೋಲ್ಪಿನ್ ಹತ್ತಿರ ಪರೀಕ್ಷೆ ಮಾಡಿಸಿಕೊಂಡಿದ್ದ. ಫಲಿತಾಂಶ ಇನ್ನೂ ತಿಳಿದಿರಲಿಲ್ಲ. ವೋಲ್ಪಿನ್ ಔತಣದ ಸಮಿತಿಯಲ್ಲೂ ಇದ್ದ, ಧರ್ಮಗುರು ರಬ್ಬಿಯ ಪಕ್ಕದ ಕುರ್ಚಿಯಲ್ಲೇ ಕೂರುತ್ತಿದ್ದ. ಎರಡನ್ನೂ ಕೂಡಿಸಿ ನೋಡುವಷ್ಟು ಬುದ್ಧಿ ಫೈವೆಲ್‌ಗಿತ್ತು. ಕೂಡಲೇ ಡಾಕ್ಟರಿಗೆ ಫೋನ್ ಮಾಡಿದ.

“ಈಗ ಬೇಡ ಫೈವೆಲ್, ಕುರ್ಚಿ ಜೋಡಿಸ್ತಾ ಇದ್ದೀನಿ,” ಅಂದ ವೋಲ್ಪಿನ್ ಏದುಸಿರು ಬಿಡುತ್ತ. “ಇದು ಫೋನಲ್ಲಿ ಹೇಳೋ ವಿಷಯ ಅಲ್ಲ. ಸಂಜೆ ಎದುರಿಗೇ ಕೂರಿಸ್ಕೊಂಡು ಹೇಳ್ತೀನಿ. ಇವತ್ತೊಂದಿನ ನೀನು ಖುಷಿಯಾಗಿರು.”

ಎಂಟು ವರ್ಷದ ಹಿಂದೆ ಹಿಂಡಾಗೂ ಒಬ್ಬ ಡಾಕ್ಟರು ಖುಷಿಯಾಗಿರಿ ಅಂದಿದ್ದ. ಫೈವೆಲ್ ಫೋನ್ ಕೆಳಗಿಟ್ಟು ಅಡುಗೆಮನೆಯ ಸ್ಟೂಲಿನ ಮೇಲೆ ಕೂತುಬಿಟ್ಟ.

ಹತ್ತೂವರೆಗೆ ಪಕ್ಕದ ಮನೆಯ ಗಿಟ್ಟೆಲ್ ಅವನ ಅಂಗಿಗೆ ಇಸ್ತ್ರಿ ಹಾಕಿಕೊಡುತ್ತೇನೆಂದು ಬಂದಳು. ಎಪ್ಪತ್ತರ ಹೆಂಗಸು, ಬೀದಿಯ ಯಾವ ಮನೆಯಲ್ಲಿ ಏನು ಕುದಿಯುತ್ತಿದೆ ಅಂತ ವಾಸನೆಯಲ್ಲೇ ಹೇಳಬಲ್ಲವಳು. ಫೈವೆಲ್‌ನ ಮುಖ ನೋಡಿದ್ದೇ ವಿಷಯ ಹೊರಗೆ ಎಳೆದಳು.

“ಅಮ್ಮನ ಹೆಸರು ಕೇಳಿದ್ರಾ?” ಇಸ್ತ್ರಿಪೆಟ್ಟಿಗೆಯನ್ನು ಅಂಗಿಯ ಮೇಲೇ ಬಿಟ್ಟು ಎದೆ ಹಿಡಿದುಕೊಂಡಳು. “ಅಯ್ಯೋ ನನ್ನಪ್ಪಾ! ನಮ್ಮ ಯಜಮಾನ್ರಿಗೂ ಕೇಳಿದ್ರು. ಆಮೇಲೆ ಹನ್ನೊಂದೇ ದಿನ ಇದ್ದದ್ದು.”

“ಅವರು ಆಸ್ಪತ್ರೇಲಿದ್ರು ಗಿಟ್ಟೆಲ್. ನಾನು ನಿಂತ್ಕೊಂಡಿದ್ದೀನಿ.”

“ನಿಂತಿರೋರೇ ಬೇಗ ಹೋಗೋದು. ಹೋದ ವರ್ಷ ಸನ್ಮಾನ ಆಯ್ತಲ್ಲ, ಲೈಬ್ರರಿ ನೋಡ್ಕೋತಿದ್ದ ಫ್ರೂಮಾ, ಏನಾದ್ಲು ಹೇಳು?”

“ಫ್ಲಾರಿಡಾಕ್ಕೆ ಹೋದ್ಲು.”

“ಹೋದ್ಲು ತಾನೇ? ಮತ್ತೆ!”

ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಅಂಗಿಯ ಬೆನ್ನಿಗೆ ಇಸ್ತ್ರಿಪೆಟ್ಟಿಗೆಯ ಅಚ್ಚು ಕಂದಾಗಿ ಬಿದ್ದಿತ್ತು. ಗಿಟ್ಟೆಲ್ ಅದನ್ನು ಎತ್ತಿ ಹಿಡಿದು ನೋಡಿ, “ಇರ್ಲಿ ಬಿಡು, ಮೇಲೆ ಕೋಟು ಹಾಕ್ಕೋತೀಯಲ್ಲ. ಇನ್ನೆಷ್ಟು ಸಲ ಹಾಕ್ಕೋಬೇಕು ಆ ಅಂಗೀನ,” ಅಂದಳು. ಆಮೇಲೆ ಮೂಗು ಒರೆಸಿಕೊಂಡು ದನಿ ತಗ್ಗಿಸಿದಳು. “ಹೀಗಂತೀನಿ ಅಂತ ಬೇಜಾರು ಮಾಡ್ಕೋಬೇಡ ಫೈವೆಲ್. ಗ್ಯಾರೇಜಲ್ಲಿರೋ ಆ ದೊಡ್ಡ ಫ್ರೀಜರ್ ಯಾರಿಗೆ ಅಂತ ಯೋಚ್ನೆ ಮಾಡಿದ್ದೀಯಾ? ಪಾಸೋವರ್ ಹಬ್ಬ ಬೇರೆ ಹತ್ರ ಬಂತು.”

“ತಗೊಂಡು ಹೋಗು,” ಅಂದ ಫೈವೆಲ್. ಮಧ್ಯಾಹ್ನದೊಳಗೆ ಅವಳ ಇಬ್ಬರು ಅಳಿಯಂದಿರು ಬಂದು ಫ್ರೀಜರನ್ನು ಹೊತ್ತುಕೊಂಡು ಹೋದರು. ಒಳಗಿದ್ದ ಮೀನು ಸಮೇತ.

ಗಿಟ್ಟೆಲ್ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಊಟದ ಹೊತ್ತಿಗೆ ನಲವತ್ತು ಮನೆಗೆ ಫೋನ್ ಮಾಡಿದ್ದಳು. “ಯಾರಿಗೂ ಹೇಳ್ಬೇಡಿ. ಡಾಕ್ಟರ ಮುಂದಂತೂ ಎತ್ತಲೇಬೇಡಿ, ಪಾಪ, ಆತನಿಗೇ ಹೇಳೋಕೆ ಬಾಯಿ ಬರ್ತಿಲ್ಲ,” ಅಂತ ಪ್ರತಿ ಮನೆಗೂ ಎಚ್ಚರಿಕೆ ಕೊಟ್ಟಿದ್ದಳು.

ಇತ್ತ ಫೈವೆಲ್ ಒಬ್ಬನೇ ಕೂತು ಸಾವಿನ ಬಗ್ಗೆ ಯೋಚಿಸಿದ. ಹಿಂಡಾಳ ಪಕ್ಕದಲ್ಲಿ ಅವನಿಗೆ ಜಾಗವಿತ್ತು. ಸಾಯುವುದೇನೋ ಸಾಯಬಹುದು. ಆದರೆ ಎದೆಯಲ್ಲಿ ಒಂದು ಸೌಟು ಚುಚ್ಚುತ್ತಿತ್ತು, ಅದನ್ನು ಹೊತ್ತುಕೊಂಡು ದೇವರೆದುರು ನಿಲ್ಲಲು ಅವನಿಗೆ ಧೈರ್ಯವಿರಲಿಲ್ಲ.

ನಮ್ಮಲ್ಲಿ ಹಾಲು ಮಾಂಸ ಒಂದಾಗಬಾರದು. ಒಂದರ ಪಾತ್ರೆಗೆ ಇನ್ನೊಂದರ ಸೌಟು ತಗುಲಕೂಡದು, ತಗುಲಿದರೆ ಶುದ್ಧ ಮಾಡುವವರೆಗೆ ಆ ಪಾತ್ರೆಯೂ ಮೈಲಿಗೆ. ಶಾಲೆಯ ಅಡುಗೆಮನೆಯಲ್ಲಿ ಮಾಂಸಕ್ಕೆ ಕೆಂಪು ಹಿಡಿಯವು, ಹಾಲಿಗೆ ನೀಲಿ ಹಿಡಿಯವು. ಏಳು ವರ್ಷದ ಹಿಂದೆ, ಇದೇ ಔತಣದ ದಿನ, ಬೆಳಿಗ್ಗೆ ಮಕ್ಕಳ ಚೀಸ್ ಮ್ಯಾಕರೋನಿ ತಿರುವಿದ ನೀಲಿ ಹಿಡಿಯ ಸೌಟನ್ನು ಫೈವೆಲ್ ಸಂಜೆಯ ಗಡಿಬಿಡಿಯಲ್ಲಿ ಕೋಳಿಸಾರು ಕುದಿಯುತ್ತಿದ್ದ ನಾಲ್ಕೂ ಕೊಪ್ಪರಿಗೆಗೆ ಇಳಿಸಿ ಚೆನ್ನಾಗಿ ತಿರುವಿದ್ದ. ಹಿಡಿಯ ಬಣ್ಣ ಕಣ್ಣಿಗೆ ಬಿದ್ದಾಗ ಮುನ್ನೂರು ಬಟ್ಟಲು ಆಗಲೇ ಹೊರಗೆ ಹೋಗಿದ್ದವು. ಆಗ ಹಿಂಡಾ ಸತ್ತು ವರ್ಷವೂ ಆಗಿರಲಿಲ್ಲ. ಬಾಯಿಬಿಟ್ಟರೆ ಅಡುಗೆಮನೆಯಿಂದ ಹೊರಗೆ ಹಾಕುತ್ತಾರೆ, ಆ ಖಾಲಿ ಮನೆಗೆ ಹಿಂದಿರುಗಬೇಕು ಅಂತ ಹೆದರಿ ಬಾಯಿ ಮುಚ್ಚಿಕೊಂಡ. ಸೌಟನ್ನು ಕೋಟಿನೊಳಗೆ ಬಚ್ಚಿಟ್ಟು ತಂದು ಹಿತ್ತಲಿನ ಗುಲಾಬಿಯ ಬುಡದಲ್ಲಿ ಹೂತ. ಗಿಡ ಅದೇ ವರ್ಷ ಒಣಗಿತು.

ಐದೂವರೆಗೆ ಫೈವೆಲ್ ಶಾಲೆ ತಲುಪಿದ. ಬಾಗಿಲಲ್ಲೇ ಜನ ಅವನ ಕೈ ಹಿಡಿದುಕೊಂಡು ಬಿಡಲೊಲ್ಲರು. ಇಪ್ಪತ್ತು ವರ್ಷದಿಂದ ಪಾರ್ಕಿಂಗ್ ವಿಷಯಕ್ಕೆ ಮಾತು ಬಿಟ್ಟಿದ್ದವನೊಬ್ಬ ಅಪ್ಪಿಕೊಂಡು ಬೆನ್ನು ಸವರಿದ. ಫೈವೆಲ್‌ಗೆ ಇನ್ನು ಯಾವ ಅನುಮಾನವೂ ಉಳಿಯಲಿಲ್ಲ. ಮುಖ್ಯೋಪಾಧ್ಯಾಯರೂ ಆ ಅಡುಗೆಮನೆಯ ಮಡಿಗೆ ಹೊಣೆಗಾರರೂ ಆಗಿದ್ದ ರಬ್ಬಿ ಕಿರ್ಸ್‌ನರ್ ಆಗಷ್ಟೇ ಅಡುಗೆಮನೆಯಿಂದ ಹೊರಬರುತ್ತಿದ್ದರು. ಓಡಿಹೋಗಿ ಅವರನ್ನು ತಡೆದ.

“ರಬ್ಬಿಯವರೇ, ಐದು ನಿಮಿಷ ಒಬ್ಬರೇ ಸಿಗ್ತೀರಾ? ಒಂದು ವಿಷಯ ಹೇಳ್ಬೇಕಿತ್ತು. ಅಡುಗೆಮನೆದು.”

“ಅಡುಗೆಮನೆ ಬಿಟ್ಟು ನೀವು ಇನ್ಯಾವುದರ ಬಗ್ಗೆ ಮಾತಾಡ್ತೀರಿ ರೆಬ್ ಫೈವೆಲ್? ಎಲ್ಲಾ ವೇದಿಕೆ ಮೇಲೇ ಹೇಳಿ. ಮನಸ್ಸು ಬಿಚ್ಚಿ ಹೇಳಿ. ಎರಡು ನಿಮಿಷ ಮಾತ್ರ ದಾಟ್ಬೇಡಿ.” ‘ರೆಬ್’ ಅಂದರೆ ನಮ್ಮಲ್ಲಿ ‘ರಾಯರು’ ಅಂದ ಹಾಗೆ.

“ಇದು ಎಲ್ಲರ ಮುಂದೆ ಹೇಳೋವಂಥದ್ದಲ್ಲ…”

“ಸಂಕೋಚ ಯಾಕೆ? ಇವತ್ತು ನಿಮ್ಮ ದಿನ!” ಅಂತ ಭುಜ ತಟ್ಟಿ ಅವರು ಮುಂದೆ ಹೋದರು. ಅವರ ಕಣ್ಣಲ್ಲಿ ನೀರು ಕಂಡು ಫೈವೆಲ್‌ನ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಒಳಗೆ ಈರುಳ್ಳಿ ಹೆಚ್ಚುತ್ತಿದ್ದಾರೆಂಬುದು ಅವನಿಗೆ ಹೊಳೆಯಲಿಲ್ಲ.

ಕೋಳಿಸಾರು ಮುಗಿಯಿತು. ದನದ ಮಾಂಸದ ತಟ್ಟೆಗಳು ಬಂದವು. ವೋಲ್ಪಿನ್ ದೂರದ ಮೇಜಿನಲ್ಲಿ ದಾನಿಗಳ ನಡುವೆ ಸಿಕ್ಕಿಕೊಂಡು ಕೈ ಬೀಸಿದ. ರಬ್ಬಿ ವೇದಿಕೆಗೆ ಕರೆದು ಫಲಕ ಕೊಟ್ಟಾಗ ಮುನ್ನೂರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅರ್ಧ ಜನ ಕಣ್ಣೊರೆಸಿಕೊಂಡರು. ಇಷ್ಟು ಪ್ರೀತಿಯನ್ನು ಫೈವೆಲ್ ಜನ್ಮದಲ್ಲಿ ಕಂಡಿರಲಿಲ್ಲ. ಈ ಜನಕ್ಕೆ ಮೋಸ ಮಾಡಿ ಸಾಯಲಾರೆ ಅನ್ನಿಸಿತು.

“ನಾನು ಇನ್ನು ಹೆಚ್ಚು ದಿನ ಇರಲ್ಲ,” ಅಂತ ಶುರುಮಾಡಿದ. ಗಿಟ್ಟೆಲ್ ಗೊಳೋ ಅಂದಳು. “ನಿಮಗೂ ಗೊತ್ತಿರೋ ವಿಷಯಾನೇ. ಅದಕ್ಕೇ ಇವತ್ತು ಹೇಳಿಬಿಡ್ತೀನಿ. ಏಳು ವರ್ಷದ ಹಿಂದೆ ಇದೇ ಔತಣದಲ್ಲಿ ನೀವೆಲ್ಲ ಚೆನ್ನಾಗಿದೆ ಅಂತ ಎರಡೆರಡು ಸಲ ಹಾಕಿಸ್ಕೊಂಡ್ರಲ್ಲ ಕೋಳಿಸಾರು, ಅದನ್ನ ನಾನು ಹಾಲಿನ ಸೌಟಲ್ಲಿ ತಿರುವಿದ್ದೆ. ಕುದೀತಾ ಇದ್ದಾಗ್ಲೇ. ಬೆಳಿಗ್ಗೆ ಅದೇ ಸೌಟಲ್ಲಿ ಚೀಸ್ ತಿರುವಿದ್ದೆ. ಯಾರಿಗೂ ಹೇಳ್ಲಿಲ್ಲ. ನನ್ನನ್ನ ಕ್ಷಮಿಸಿ.”

ಯಾವುದೋ ಮೇಜಿನಲ್ಲಿ ಒಂದು ಫೋರ್ಕ್ ತಟ್ಟೆಗೆ ಬಿದ್ದ ಸದ್ದು ಕೇಳಿತು. ರಬ್ಬಿ ಬಿಳುಚಿಕೊಂಡರು.

“ಆ ಕೊಪ್ಪರಿಗೆಗಳು… ಆಮೇಲೆ ಅವನ್ನ ಏನು ಮಾಡಿದ್ರಿ ರೆಬ್ ಫೈವೆಲ್?”

“ಏನು ಮಾಡೋದು ರಬ್ಬಿಯವರೇ? ತೊಳೆದಿಟ್ಟೆ. ಏಳು ವರ್ಷದಿಂದ ಅವುಗಳಲ್ಲೇ ಅಡುಗೆ. ಇವತ್ತಿಂದೂ.”

ಮುನ್ನೂರು ಜನ ಒಟ್ಟಿಗೆ ತಟ್ಟೆ ದೂರ ತಳ್ಳಿದರು. ಬಾಯಲ್ಲಿ ತುತ್ತಿದ್ದವರು ನುಂಗುವುದೋ ಉಗಿಯುವುದೋ ತಿಳಿಯದೆ ರಬ್ಬಿಯ ಕಡೆ ತಿರುಗಿದರು. ರಬ್ಬಿ ಗಡ್ಡ ಹಿಡಿದು ಕಣ್ಣು ಮುಚ್ಚಿ ನಿಂತರು. ತಿಂದದ್ದಕ್ಕೆ ದೋಷವಿಲ್ಲ ಅನ್ನಿಸುತ್ತೆ, ಆದರೂ ತಮಗಿಂತ ದೊಡ್ಡವರನ್ನು ಕೇಳುವವರೆಗೆ ಯಾರೂ ಏನನ್ನೂ ಮುಟ್ಟಬೇಡಿ ಅಂದರು. ಅಷ್ಟರಲ್ಲಿ ಗಲಾಟೆ ಎದ್ದಿತ್ತು.

“ನಾನು ಆ ವರ್ಷ ಮೂರು ಬಟ್ಟಲು ಕುಡಿದೆ!” ಒಬ್ಬ ಕಿರುಚಿದ.

“ನಮ್ಮತ್ತೆ ಬದುಕಲ್ಲಿ ಹೊಗಳಿದ್ದು ಅದೊಂದೇ ಸಾರನ್ನ,” ಅಂದಳೊಬ್ಬಳು. “ಈಗ ಗೊತ್ತಾಯ್ತು ಯಾಕೆ ಅಂತ.”

ಬರೆದಿಟ್ಟ ದೇಣಿಗೆಯ ಲಕೋಟೆಗಳು ಮೇಜಿನ ಮೇಲಿಂದ ಸದ್ದಿಲ್ಲದೆ ಜೇಬಿಗೆ ಇಳಿಯತೊಡಗಿದವು. ಇದ್ಯಾವುದೂ ಗೊತ್ತಿಲ್ಲದೆ, ಅದೇ ಹೊತ್ತಿಗೆ ಪಕ್ಕದ ಬಾಗಿಲಿನಿಂದ ಮೂರನೇ ಕ್ಲಾಸಿನ ಮಕ್ಕಳು ಸಾಲಾಗಿ ಬಂದರು. ಹೊರಗೆ ಕಾಯುತ್ತಿದ್ದ ಅವರಿಗೆ ಯಾರೂ ನಿಲ್ಲಿ ಅಂದಿರಲಿಲ್ಲ. ಎರಡು ಜಡೆಯ ಹುಡುಗಿ, ತಿಲಾ, ವೇದಿಕೆ ಹತ್ತಿ ದೊಡ್ಡದೊಂದು ಬಣ್ಣದ ಹಾಳೆ ಬಿಚ್ಚಿದಳು. ಅದರ ಮೇಲೆ ‘ಶೈನೆ-ರೈಸೆಲ್ ಮಗ ಫೈವೆಲ್‌ಗೆ ದೀರ್ಘಾಯುಷ್ಯ’ ಅಂತ ಬರೆದಿತ್ತು.

“ಫೈವೆಲ್ ಅಂಕಲ್,” ಅವಳು ಉರುಹಚ್ಚಿದ್ದನ್ನು ಒಪ್ಪಿಸಿದಳು, “ನೀವು ನಮಗೆ ದಿನಾ ಊಟ ಕೊಡ್ತೀರಿ. ನಾವು ನಿಮಗೆ ಏನು ಕೊಡೋದು ಅಂತ ಯೋಚ್ನೆ ಮಾಡಿದ್ವಿ. ಇವತ್ತು ಬೆಳಿಗ್ಗೆ ಪ್ರಾರ್ಥನೆಯಿಂದ ಶುರುಮಾಡಿದ್ದೀವಿ. ನೀವು ತುಂಬಾ ತುಂಬಾ ವರ್ಷ ಬದುಕ್ಬೇಕು ಅಂತ ಇಡೀ ಸ್ಕೂಲು ದಿನಾ ನಿಮ್ಮ ಹೆಸರಲ್ಲಿ ದಾವೀದನ ಕೀರ್ತನೆ ಓದುತ್ತೆ. ಇದು ಸರ್‌ಪ್ರೈಸ್!”

ಫೈವೆಲ್ ಹಾಳೆಯನ್ನು ನೋಡಿದ. ರಬ್ಬಿಯನ್ನು ನೋಡಿದ. ರಬ್ಬಿ ನೆಲ ನೋಡುತ್ತಿದ್ದರು.

ಮೇಜುಗಳ ನಡುವೆ ದಾರಿ ಮಾಡಿಕೊಂಡು ವೋಲ್ಪಿನ್ ಓಡಿಬಂದ. “ಯಾರಯ್ಯಾ ಹೇಳಿದ್ದು ನೀನು ಸಾಯ್ತೀಯ ಅಂತ? ನಿನ್ನ ಹೃದಯ ಕುದುರೆ ಥರ ಇದೆ! ಕಾಫಿ ಕಮ್ಮಿ ಮಾಡು ಅಂತ ಗದರೋಣ ಅಂದ್ಕೊಂಡಿದ್ದೆ, ಫೋನಲ್ಲಿ ಹೇಳಿದ್ರೆ ನೀನು ಕೇಳಲ್ವಲ್ಲ ಅಂತ. ಇನ್ನು ಮೂವತ್ತು ವರ್ಷ ನಿನಗೇನೂ ಆಗಲ್ಲ.”

“ಮೂವತ್ತು,” ಅಂದ ಫೈವೆಲ್.

“ಜಾಸ್ತೀನೇ ಇರ್ಬೋದು.”

ಏಳೂವರೆಗೆಲ್ಲ ಸಭಾಂಗಣ ಖಾಲಿಯಾಯಿತು. ಅಪ್ಪಿಕೊಂಡಿದ್ದ ಪಾರ್ಕಿಂಗ್ ಮಹಾಶಯ ಈಗ ಮುಖ ತಿರುಗಿಸಿಕೊಂಡು ಹೋದ. ಗಿಟ್ಟೆಲ್ ಫ್ರೀಜರಿನ ಮಾತೆತ್ತದೆ ಹಿಂದಿನ ಬಾಗಿಲಿನಿಂದ ಹೋದಳು. ತಟ್ಟೆಗಳಲ್ಲಿ ಮಾಂಸ ತಣ್ಣಗಾಗಿ ಕೊಬ್ಬು ಬಿಳಿಯ ಪದರ ಕಟ್ಟಿತ್ತು. ಅಭ್ಯಾಸಬಲದಿಂದ ಫೈವೆಲ್ ನಾಲ್ಕು ತಟ್ಟೆ ಒಂದರ ಮೇಲೊಂದಿಟ್ಟು ಅಡುಗೆಮನೆ ಕಡೆ ಹೊರಟ. ಬಾಗಿಲಲ್ಲಿ ರಬ್ಬಿ ನಿಂತಿದ್ದರು. ಅವರು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

“ಇರ್ಲಿ, ಇಡಿ ಅಲ್ಲೇ,” ಅಂದರು ಮೆಲ್ಲಗೆ. “ಕೊಪ್ಪರಿಗೆಗಳನ್ನ ನಾಳೆ ಬೇರೆಯವರು ಕುದಿಸಿ ಶುದ್ಧ ಮಾಡ್ತಾರೆ. ನೀವು ಇನ್ನು ವಿಶ್ರಾಂತಿ ತಗೊಳ್ಳಿ ರೆಬ್ ಫೈವೆಲ್. ಅಡುಗೆಮನೆಯ ಕೀಲಿ ತಂದಿದ್ರೆ… ಕೊಟ್ಬಿಡಿ.”

ಫೈವೆಲ್ ಕೀಲಿ ಕೊಟ್ಟ. ಫಲಕವನ್ನು ಕಂಕುಳಲ್ಲಿಟ್ಟುಕೊಂಡು ಹೊರಗೆ ಬಂದ. ಮಾರ್ಚ್ ತಿಂಗಳ ಕೆಸರು ಹಿಮದಲ್ಲಿ ಕಾರುಗಳು ಹೊರಡುತ್ತಿದ್ದವು. ನಾಳೆ ಬೆಳಿಗ್ಗೆ ಏಳಕ್ಕೆ ಎದ್ದು ಎಲ್ಲಿಗೆ ಹೋಗುವುದು ಅಂತ ಅವನಿಗೆ ಗೊತ್ತಿರಲಿಲ್ಲ. ನಾಡಿದ್ದಿನದೂ ಗೊತ್ತಿರಲಿಲ್ಲ. ಹಾಗೆ ಮೂವತ್ತು ವರ್ಷ.

ಒಂದು ಕಾರಿನ ಕಿಟಕಿ ಕೆಳಗಿಳಿಯಿತು. ಎರಡು ಜಡೆಯ ತಿಲಾ ತಲೆ ಹೊರಗೆ ಹಾಕಿದಳು.

“ಫೈವೆಲ್ ಅಂಕಲ್, ಹೆದರ್ಕೋಬೇಡಿ! ನಾವು ನಾಳೇನೂ ಓದ್ತೀವಿ. ನೀವು ತುಂಬಾ ತುಂಬಾ ವರ್ಷ ಬದುಕ್ಬೇಕು ಅಂತ ಇನ್ನೂ ಜೋರಾಗಿ ಓದ್ತೀವಿ!”

ಫೈವೆಲ್ ಕೆಸರಿನಲ್ಲಿ ಕಾಲಿಡುತ್ತ ಕಾರಿನ ಹತ್ತಿರ ಹೋದ. ಬಾಗಿ, ಕಿಟಕಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

“ಬೇಡ ಮಗಳೇ,” ಎಂದು ಬೇಡಿಕೊಂಡ. “ಓದಿದ್ದೇ ಜಾಸ್ತಿಯಾಯ್ತು. ಇಷ್ಟಕ್ಕೇ ನಿಲ್ಲಿಸಿಬಿಡಿ.”